ಚುಕ್ಕಾಣಿಗೆ ಬಲ ತಂದ ಫ್ರಾನ್ಸಿಸ್ ಡೇವಿಸ್

ಉಗಿಬಂಡಿಯ ಹೆಸರೆತ್ತಿದರೆ ಸ್ಟೀಫನ್‌ಸನ್ನರನ್ನೂ, ವಿಮಾನವೆಂದರೆ ರೈಟ್ ಸಹೋದರರನ್ನೂ, ವಿದ್ಯುದ್ದೀಪವೆಂದರೆ ಎಡಿಸನ್ನರನ್ನೂ ನಮ್ಮ ವಿದ್ಯಾರ್ಥಿಗಳು ಥಟ್ಟನೆ ನೆನೆಯುತ್ತಾರೆ. ಪಠ್ಯಪುಸ್ತಕದಲ್ಲಿ ಅವರ ಚಿತ್ರಗಳಿವೆ. ಪರೀಕ್ಷೆಯಲ್ಲಿ ಅವರ ಮೇಲೆ ಪ್ರಶ್ನೆಗಳಿವೆ. ಆದರೆ ದಿನವೂ ನಾವು ಹತ್ತಿ ಇಳಿಯುವ ಬಸ್ಸಿನ ಚಾಲಕನು ಅಷ್ಟು ದೊಡ್ಡ ಚಕ್ರವನ್ನು ಆಯಾಸವಿಲ್ಲದೆ ತಿರುಗಿಸುವುದನ್ನು ಕಂಡೂ, ಆ ಸೌಕರ್ಯವನ್ನು ತಂದುಕೊಟ್ಟವರು ಯಾರೆಂದು ನಾವು ಕೇಳುವುದಿಲ್ಲ. ಮೋಟಾರು ವಾಹನಗಳ ಲೋಕದಲ್ಲಿ ಪವರ್ ಸ್ಟಿಯರಿಂಗಿನ ಜನಕರೆಂದು ಹೆಸರಾದ ಅಮೆರಿಕದ ಇಂಜಿನಿಯರ್ ಫ್ರಾನ್ಸಿಸ್ ರೈಟ್ ಡೇವಿಸರ ಜೀವನವನ್ನು ಈ ವರ್ಷದ ಸಂಚಿಕೆಯಲ್ಲಿ ನಮ್ಮ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಪರಿಚಯಿಸಬೇಕೆಂದು ನಾವು ಬಯಸಿದ್ದೇವೆ. ಇವರ ಬಾಳಿನಿಂದ ಕಲಿಯಬೇಕಾದುದು ಯಂತ್ರವಿದ್ಯೆ ಮಾತ್ರವಲ್ಲ. ಕಾಯುವ ವಿದ್ಯೆಯೂ ಅಲ್ಲಿದೆ.

ಡೇವಿಸರು ಹುಟ್ಟಿದ್ದು 1887ನೆಯ ಇಸವಿ ಆಗಸ್ಟ್ 19ರಂದು, ಪೆನ್ಸಿಲ್ವೇನಿಯ ಸಂಸ್ಥಾನದ ಫಿಲಡೆಲ್ಫಿಯ ನಗರಕ್ಕೆ ಸೇರಿದ ಜರ್ಮನ್‌ಟೌನಿನಲ್ಲಿ. ಆಗ ಮೋಟಾರು ಕಾರು ಹುಟ್ಟಿ ಇನ್ನೂ ಒಂದೆರಡು ವರ್ಷವಾಗಿತ್ತಷ್ಟೆ. ಜರ್ಮನಿಯ ಕಾರ್ಲ್ ಬೆಂಜ್ ತಮ್ಮ ಮೂರು ಚಕ್ರದ ಗಾಡಿಗೆ 1886ರಲ್ಲಿ ಪೇಟೆಂಟು ಪಡೆದಿದ್ದರು. ಹೀಗಾಗಿ ಡೇವಿಸರೂ ಮೋಟಾರು ಕಾರೂ ಒಟ್ಟೊಟ್ಟಿಗೆ ಬೆಳೆದವೆಂದರೆ ತಪ್ಪಾಗದು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಓದಿ ಮುಗಿಸಿದ ಅವರು 1910ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಬಫಲೋ ನಗರದಲ್ಲಿದ್ದ ಪಿಯರ್ಸ್ ಆ್ಯರೋ ಮೋಟಾರು ಕಂಪನಿಯನ್ನು ಸೇರಿದರು. ಅದು ಸಾಧಾರಣ ಕಂಪನಿಯಲ್ಲ. ಸಿರಿವಂತರು ಹುಡುಕಿಕೊಂಡು ಬಂದು ಕೊಳ್ಳುತ್ತಿದ್ದ ದುಬಾರಿ ಕಾರುಗಳು ಅಲ್ಲಿ ತಯಾರಾಗುತ್ತಿದ್ದವು. ಮುಂದಿನ ಚಕ್ರದ ಮಡ್ಗಾರ್ಡಿನ ಮೇಲೆಯೇ ದೀಪಗಳನ್ನು ಕೂರಿಸಿದ ಆ ಕಾರುಗಳನ್ನು ದೂರದಿಂದಲೇ ಗುರುತಿಸಬಹುದಾಗಿತ್ತು. ಕಾರಿನ ಜೊತೆಗೆ ಕಂಪನಿಯು ಭಾರವಾದ ಸರಕು ಲಾರಿಗಳನ್ನೂ ಮಾಡುತ್ತಿತ್ತು. ಡೇವಿಸರು ಆ ಲಾರಿ ವಿಭಾಗದಲ್ಲಿ ಕೆಲಸ ಮಾಡುತ್ತ ಮುಖ್ಯ ಇಂಜಿನಿಯರರ ಸ್ಥಾನಕ್ಕೇರಿದರು.

1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಪಿಯರ್ಸ್ ಆ್ಯರೋ ಲಾರಿಗಳು ಮಿತ್ರರಾಷ್ಟ್ರಗಳ ಸೈನ್ಯಕ್ಕೆ ಸಾಮಾನು ಹೊತ್ತವು. ಲಾರಿಗಳು ದೊಡ್ಡವಾದಷ್ಟೂ, ಹೊರುವ ಭಾರ ಹೆಚ್ಚಿದಷ್ಟೂ ಚಾಲಕನ ಪಾಡು ಕಷ್ಟವಾಗುತ್ತಿತ್ತು. ಇದು ಏಕೆಂದು ತಿಳಿಯಲು ನಾವು ಸ್ವಲ್ಪ ಭೌತಶಾಸ್ತ್ರವನ್ನು ನೆನೆಯಬೇಕು.

ವಾಹನದ ಮುಂದಿನ ಚಕ್ರಗಳ ಮೇಲೆ ಇಂಜಿನ್ನಿನ ಭಾರವೆಲ್ಲ ಕುಳಿತಿರುತ್ತದೆ. ಚಕ್ರವು ಉರುಳುತ್ತಿರುವಾಗ ಅದನ್ನು ಅತ್ತಿತ್ತ ತಿರುಗಿಸುವುದು ಅಷ್ಟು ಕಷ್ಟವಲ್ಲ. ಆದರೆ ವಾಹನ ನಿಂತಿರುವಾಗ ಇಲ್ಲವೇ ಬಹಳ ನಿಧಾನವಾಗಿ ಹೋಗುತ್ತಿರುವಾಗ ಟೈರು ನೆಲವನ್ನು ಉಜ್ಜಿಕೊಂಡೇ ತಿರುಗಬೇಕು. ಆ ಘರ್ಷಣೆಯನ್ನು ಗೆಲ್ಲುವ ಬಲ ಚಾಲಕನ ತೋಳಿನಿಂದಲೇ ಬರಬೇಕಾಗಿತ್ತು. ಇದನ್ನು ಸುಲಭ ಮಾಡಲು ಆಗ ಎರಡೇ ಉಪಾಯಗಳಿದ್ದವು. ಒಂದು, ಸ್ಟಿಯರಿಂಗ್ ಚಕ್ರವನ್ನು ದೊಡ್ಡದು ಮಾಡುವುದು. ಇನ್ನೊಂದು, ಸ್ಟಿಯರಿಂಗ್ ಕಂಬದ ಬುಡದಲ್ಲಿರುವ ಹಲ್ಲುಚಕ್ರಗಳ ಪ್ರಮಾಣವನ್ನು ಬದಲಿಸಿ, ಕೈಯಲ್ಲಿ ಹೆಚ್ಚು ಸುತ್ತು ಸುತ್ತಿದರೆ ಚಕ್ರ ಸ್ವಲ್ಪ ತಿರುಗುವಂತೆ ಮಾಡುವುದು. ಎರಡೂ ಸನ್ನೆಕೋಲಿನ ತತ್ತ್ವವೇ. ಬಲ ಉಳಿದರೆ ದೂರ ಹೆಚ್ಚುತ್ತದೆ. ಪ್ರಕೃತಿಯು ಯಾರಿಗೂ ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ಹೀಗೆ ಸುತ್ತು ಹೆಚ್ಚಿದಾಗ, ಅಡ್ಡ ಬಂದ ಮಗುವನ್ನೋ ದನವನ್ನೋ ತಪ್ಪಿಸಿ ಚಟ್ಟನೆ ತಿರುಗಿಸಬೇಕಾದ ಹೊತ್ತಿನಲ್ಲಿ ಕೈ ಸಾಲದೆ ಹೋಗುತ್ತಿತ್ತು. ಇದಲ್ಲದೆ ಚಕ್ರವು ಕಲ್ಲಿಗೆ ಬಡಿದರೆ ಆ ಹೊಡೆತ ನೇರವಾಗಿ ಮೇಲೇರಿ ಚಾಲಕನ ಮುಂಗೈಗೆ ತಾಗುತ್ತಿತ್ತು.

ಈ ಕಷ್ಟವನ್ನು ತಾಳವಾಡಿ ಸೀಮೆಯವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣಾರಿಯಿಂದ ದಿಂಬಂಗೆ ಏರುವ ಘಟ್ಟದ ದಾರಿಯಲ್ಲಿ 27 ಕಡಿದಾದ ತಿರುವುಗಳಿವೆ. ಈಗ ಅಲ್ಲಿ ಓಡಾಡುವ ಹೊಸ ಬಸ್ಸು ಲಾರಿಗಳಿಗೆ ಪವರ್ ಸ್ಟಿಯರಿಂಗ್ ಇದೆ. ಅದಿಲ್ಲದ ಕಾಲದಲ್ಲಿ ಒಂದೊಂದು ತಿರುವಿನಲ್ಲಿಯೂ ಚಾಲಕನು ಆಸನದಿಂದ ಅರ್ಧ ಎದ್ದು, ಎರಡು ತೋಳುಗಳನ್ನೂ ಚಕ್ರಕ್ಕೆ ಕೊಟ್ಟು, ಮೈಯ ಭಾರವನ್ನೆಲ್ಲ ಹಾಕಿ ತಿರುಗಿಸಬೇಕಾಗಿತ್ತು. ಘಟ್ಟ ಇಳಿದು ಹತ್ತಿ ಮನೆಗೆ ಬಂದ ಚಾಲಕನಿಗೆ ಆ ರಾತ್ರಿ ಅನ್ನದ ತುತ್ತು ಎತ್ತಲೂ ಭುಜ ನೋಯುತ್ತಿತ್ತೆಂದು ಹಿರಿಯರು ಹೇಳುವುದನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಡೇವಿಸರು ಅಮೆರಿಕದ ಲಾರಿಗಳಲ್ಲಿ ಕಂಡದ್ದೂ ಈ ನೋವನ್ನೇ.

ಇಂಜಿನ್ನಿನ ಬಲದಿಂದಲೋ ವಿದ್ಯುತ್ತಿನಿಂದಲೋ ಸ್ಟಿಯರಿಂಗನ್ನು ತಿರುಗಿಸಬೇಕೆಂಬ ಆಲೋಚನೆ ಇವರಿಗೇ ಮೊದಲು ಹೊಳೆಯಿತೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಪಿಟ್ಸ್‌ಬರ್ಗಿನ ರಾಬರ್ಟ್ ಟ್ವೈಫರ್ಡ್ ಎಂಬುವರು 1900ರಲ್ಲಿಯೇ ಅಂತಹ ಒಂದು ಏರ್ಪಾಡಿಗೆ ಪೇಟೆಂಟು ಪಡೆದಿದ್ದರು. 1903ರಲ್ಲಿ ಕೊಲಂಬಿಯ ಎಂಬ ಹೆಸರಿನ 5 ಟನ್ನಿನ ವಿದ್ಯುತ್ ಲಾರಿಗೆ ಸ್ಟಿಯರಿಂಗಿಗೆಂದೇ ಬೇರೆ ಮೋಟಾರನ್ನು ಜೋಡಿಸಲಾಗಿತ್ತು. ಆದರೆ ಇವು ಬೆಳೆಯಲಿಲ್ಲ. ಮನೆಮನೆಯ ವಾಹನಕ್ಕೂ ಒಗ್ಗುವಂತೆ ಆ ಆಲೋಚನೆಯನ್ನು ಪಳಗಿಸಿದ ಕೀರ್ತಿ ಡೇವಿಸರದು.

ಈ ಕೆಲಸಕ್ಕಾಗಿ ಅವರು ಮಾಡಿದ ತ್ಯಾಗವನ್ನು ನಾವು ಗಮನಿಸಬೇಕು. 1922ರಲ್ಲಿ, ಮೂವತ್ತೈದರ ಪ್ರಾಯದಲ್ಲಿ, ಹೆಸರಾದ ಕಂಪನಿಯ ದೊಡ್ಡ ಹುದ್ದೆಯನ್ನು ಬಿಟ್ಟು ಅವರು ಹೊರಬಂದರು. ಮ್ಯಾಸಚೂಸೆಟ್ಸ್ ಸಂಸ್ಥಾನದ ವಾಲ್ತಮ್ ಎಂಬ ಊರಿನಲ್ಲಿ ಒಂದು ಚಿಕ್ಕ ಕಾರ್ಯಾಗಾರವನ್ನು ತೆರೆದರು. ಗಡಿಯಾರಗಳ ತಯಾರಿಕೆಗೆ ಹೆಸರಾದ ಊರದು. ಕೂದಲೆಳೆಯಷ್ಟು ಸೂಕ್ಷ್ಮವಾಗಿ ಲೋಹವನ್ನು ಕಡೆಯಬಲ್ಲ ಕುಶಲ ಕೆಲಸಗಾರರು ಅಲ್ಲಿದ್ದರು. ಜಾರ್ಜ್ ಜೆಸಪ್ ಎಂಬ ನುರಿತ ಉಪಕರಣ ತಯಾರಕರನ್ನು ಡೇವಿಸರು ಜೊತೆಗೆ ಸೇರಿಸಿಕೊಂಡರು. ಒಬ್ಬರದು ವಿಶ್ವವಿದ್ಯಾನಿಲಯದ ಓದು, ಇನ್ನೊಬ್ಬರದು ಕೈಯ ಕಸುಬು. ಕಾಗದದ ಮೇಲಿನ ಗೆರೆಯೂ ಲೋಹ ಕಡೆಯುವ ಕೈಯೂ ಕೂಡಿದಾಗಲೇ ಯಂತ್ರ ಹುಟ್ಟುತ್ತದೆಂಬುದಕ್ಕೆ ಈ ಇಬ್ಬರ ಜೋಡಿಗಿಂತ ಬೇರೆ ಸಾಕ್ಷಿ ಬೇಡ.

ದ್ರವದ ಒತ್ತಡದಿಂದ ಭಾರವನ್ನು ಎತ್ತುವ ವಿದ್ಯೆ ಆಗಲೇ ಹಳೆಯದಾಗಿತ್ತು. ಹೈಡ್ರಾಲಿಕ್ ಒತ್ತುಯಂತ್ರಗಳಲ್ಲಿ ಪಾಸ್ಕಲನ ನಿಯಮವನ್ನು ಹೇಗೆ ಬಳಸುತ್ತಾರೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಆದರೆ ಅಂತಹ ಯಂತ್ರಗಳ ಸಾಮಾನ್ಯ ಪದ್ಧತಿ ಹೀಗಿತ್ತು: ಪಂಪು ಎಣ್ಣೆಯನ್ನು ಒತ್ತಿ ಒತ್ತಿ ಒಂದು ಪಾತ್ರೆಯಲ್ಲಿ ತುಂಬಿಡುವುದು, ಕವಾಟವು ಸದಾ ಮುಚ್ಚಿರುವುದು, ಬೇಕಾದಾಗ ಕವಾಟವನ್ನು ತೆರೆದು ಆ ಒತ್ತಡವನ್ನು ಬಿಡುವುದು. ಕಾರಿನಲ್ಲಿ ಇದು ಒಗ್ಗುವಂತಿರಲಿಲ್ಲ. ಹಗಲೂ ರಾತ್ರಿ ಒತ್ತಡದಲ್ಲಿಯೇ ಇರುವ ಎಣ್ಣೆ ಸಂದುಗೊಂದುಗಳಿಂದ ಸೋರುತ್ತದೆ. ಪಂಪು ಯಾವಾಗಲೂ ಹೆಣಗುತ್ತಿರಬೇಕಾಗುತ್ತದೆ. ನೇರ ದಾರಿಯಲ್ಲಿ ಮೈಲಿಗಟ್ಟಲೆ ಹೋಗುವಾಗ, ಸಹಾಯವೇ ಬೇಡವಾದಾಗಲೂ, ಇಂಜಿನ್ನಿನ ಬಲ ವ್ಯರ್ಥವಾಗಿ ಖರ್ಚಾಗುತ್ತದೆ.

ಡೇವಿಸರ ಪ್ರತಿಭೆ ಬೆಳಗಿದ್ದು ಇಲ್ಲಿಯೇ. ಅವರು ಈ ಪದ್ಧತಿಯನ್ನು ತಲೆಕೆಳಗು ಮಾಡಿದರು. ಕವಾಟವನ್ನು ಮುಚ್ಚಿಡುವ ಬದಲು ತೆರೆದೇ ಇಟ್ಟರೆ ಹೇಗೆ ಎಂದು ಯೋಚಿಸಿದರು. ಅವರ ಏರ್ಪಾಡಿನಲ್ಲಿ ಪಂಪು ಎಣ್ಣೆಯನ್ನು ನೂಕುತ್ತಲೇ ಇರುತ್ತದೆ, ಎಣ್ಣೆ ತೆರೆದ ಕವಾಟದ ಮೂಲಕ ಅಡ್ಡಿಯಿಲ್ಲದೆ ಹರಿದು ಮತ್ತೆ ಡಬ್ಬಿಗೆ ಬಂದು ಸೇರುತ್ತದೆ. ಅಡ್ಡಿಯಿಲ್ಲವಾದ್ದರಿಂದ ಒತ್ತಡವೂ ಇಲ್ಲ. ಚಾಲಕನು ಸ್ಟಿಯರಿಂಗನ್ನು ಬಲಕ್ಕೋ ಎಡಕ್ಕೋ ಒಂದಿಷ್ಟು ಎಳೆದೊಡನೆ ಕವಾಟ ಕೂದಲೆಳೆಯಷ್ಟು ಸರಿಯುತ್ತದೆ. ಎಣ್ಣೆ ಮರಳುವ ದಾರಿ ಕಿರಿದಾಗುತ್ತದೆ. ಆ ಕ್ಷಣವೇ ಒತ್ತಡ ಏರಿ, ಎಣ್ಣೆ ಕೊಳವೆಯೊಳಗಿನ ಕೊಂತವನ್ನು ಬೇಕಾದ ಕಡೆಗೆ ನೂಕುತ್ತದೆ. ಕೊಂತವು ಚಕ್ರಗಳನ್ನು ತಿರುಗಿಸುತ್ತದೆ. ಚಾಲಕನು ಕೈ ಸಡಿಲಿಸಿದರೆ ಸ್ಪ್ರಿಂಗು ಕವಾಟವನ್ನು ನಡುವಿಗೆ ತರುತ್ತದೆ, ಒತ್ತಡ ಇಳಿಯುತ್ತದೆ, ಎಣ್ಣೆ ಮತ್ತೆ ತನ್ನ ಪಾಡಿಗೆ ಹರಿಯುತ್ತದೆ.

ತೋಟದಲ್ಲಿ ನೀರು ಕಟ್ಟಿದ ಮಕ್ಕಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕಾಲುವೆಯಲ್ಲಿ ನೀರು ಸುಮ್ಮನೆ ಹರಿದು ಹೋಗುತ್ತಿರುತ್ತದೆ. ಯಾವ ಪಾತಿಗೆ ನೀರು ಬೇಕೋ ಅಲ್ಲಿ ಒಂದು ಗುದ್ದಲಿ ಮಣ್ಣನ್ನು ಅಡ್ಡ ಹಾಕಿದರೆ ಸಾಕು, ನೀರು ಏರಿ ಆ ಪಾತಿಗೆ ನುಗ್ಗುತ್ತದೆ. ಮಣ್ಣನ್ನು ತೆಗೆದರೆ ಮತ್ತೆ ಮುಂದಕ್ಕೆ ಹೋಗುತ್ತದೆ. ನೀರನ್ನು ಹೊತ್ತು ಹಾಕುವುದು ನಮ್ಮ ತೋಳಲ್ಲ. ದಾರಿ ತೋರಿಸುವುದು ಮಾತ್ರ ನಮ್ಮ ಕೆಲಸ. ಡೇವಿಸರು ಎಣ್ಣೆಗೆ ಕಲಿಸಿದ್ದೂ ಇಷ್ಟನ್ನೇ.

ಈ ಏರ್ಪಾಡಿನಲ್ಲಿ ಇನ್ನೊಂದು ವಿವೇಕವೂ ಅಡಗಿದೆ. ಎಣ್ಣೆಯ ಬಲ ಬಂದಿತೆಂದು ಹಳೆಯ ಹಲ್ಲುಚಕ್ರಗಳನ್ನೂ ಸರಳುಗಳನ್ನೂ ತೆಗೆದುಹಾಕಿಲ್ಲ. ಚಾಲಕನ ಕೈಯಿಂದ ಚಕ್ರದವರೆಗಿನ ಕಬ್ಬಿಣದ ನಂಟು ಹಾಗೆಯೇ ಉಳಿದಿದೆ. ಇಂಜಿನು ನಿಂತುಹೋದರೂ, ಪಂಪಿನ ಬೆಲ್ಟು ಹರಿದರೂ ಸ್ಟಿಯರಿಂಗು ಭಾರವಾಗುತ್ತದೆಯೇ ಹೊರತು ವಾಹನ ಚಾಲಕನ ಕೈ ಮೀರುವುದಿಲ್ಲ. ಕಲ್ಲಿಗೆ ಬಡಿದ ಹೊಡೆತವನ್ನೂ ಎಣ್ಣೆಯೇ ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ಓಡುತ್ತಿರುವಾಗ ಮುಂದಿನ ಟೈರು ಒಡೆದರೆ ವಾಹನ ಒಂದು ಪಕ್ಕಕ್ಕೆ ಎಳೆಯುವುದಷ್ಟೆ. ಆಗಲೂ ಚಾಲಕನಿಗೆ ಈ ಬಲ ಒತ್ತಾಸೆಯಾಗುತ್ತದೆ.

ಇದನ್ನೆಲ್ಲ ಪರೀಕ್ಷಿಸಲು ಡೇವಿಸರು ಆರಿಸಿಕೊಂಡದ್ದು ಹೊಚ್ಚಹೊಸ ಕಾರನ್ನಲ್ಲ, ಕೆಲವು ವರ್ಷ ಹಿಂದೆ ತಯಾರಾದ ಒಂದು ಪಿಯರ್ಸ್ ಆ್ಯರೋ ಕಾರನ್ನು. ಅದರ ಸ್ಟಿಯರಿಂಗಿಗೆ ತಮ್ಮ ಕವಾಟ, ಕೊಂತ ಮತ್ತು ಪಂಪುಗಳನ್ನು ಜೋಡಿಸಿದರು. ಹಳೆಯ ಕಾರಿಗೆ ಹೊಸದಾಗಿ ಪವರ್ ಸ್ಟಿಯರಿಂಗ್ ಹಾಕಿಸಬೇಕೆಂದು ಇಂದು ಆಸೆಪಡುವವರೆಲ್ಲರಿಗೂ ಡೇವಿಸರೇ ಹಿರಿಯಣ್ಣ ಎನ್ನಬಹುದು. 1926ರ ಅಕ್ಟೋಬರ್ ತಿಂಗಳಲ್ಲಿ ಅವರು ಆ ಕಾರನ್ನು ಮೋಟಾರು ಉದ್ಯಮದ ರಾಜಧಾನಿಯಾದ ಡೆಟ್ರಾಯಿಟಿಗೆ ಒಯ್ದರು. ಜನರಲ್ ಮೋಟಾರ್ಸ್ ಕಂಪನಿಯ ಇಂಜಿನಿಯರರು ಅದನ್ನು ಓಡಿಸಿ ನೋಡಿ ಬೆರಗಾದರು. ಡೇವಿಸರೊಡನೆ ಕರಾರಾಯಿತು. ಆಗ ಅವರಿಗೆ 39 ವರ್ಷ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಜೀವನವು ಕಥೆಯಂತೆ ಸಾಗುವುದಿಲ್ಲ. ಕೆಲವು ವರ್ಷಗಳ ಕಾಲ ಕಂಪನಿಯವರೊಡನೆ ಕೂಡಿ ಡೇವಿಸರು ತಮ್ಮ ಯಂತ್ರವನ್ನು ತಿದ್ದಿದರು. 1933ರ ಕ್ಯಾಡಿಲಾಕ್ ಕಾರಿನಲ್ಲಿ ಅದನ್ನು ಕೊಡುವುದೆಂದು ಆಲೋಚನೆಯಾಗಿತ್ತು. ಅಷ್ಟರಲ್ಲಿ 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಬ್ಯಾಂಕುಗಳು ಮುಚ್ಚಿದವು, ಕಾರ್ಖಾನೆಗಳು ನಿಂತವು, ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡರು. ಅನ್ನಕ್ಕೇ ಕಷ್ಟವಾದ ಆ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ದುಬಾರಿ ಕಾರನ್ನು ಕೊಳ್ಳುವವರು ಎಷ್ಟು ಮಂದಿ? ಕೆಲವೇ ಕಾರುಗಳಿಗಾಗಿ ಹೊಸ ಯಂತ್ರವನ್ನು ತಯಾರಿಸಿದರೆ ಖರ್ಚು ಗಿಟ್ಟುವುದಿಲ್ಲವೆಂದು ಲೆಕ್ಕ ಹಾಕಿದ ಕಂಪನಿ 1934ರಲ್ಲಿ ಯೋಜನೆಯನ್ನು ಕೈಬಿಟ್ಟಿತು.

ಇದರ ನಷ್ಟ ಎಷ್ಟೆಂದು ತಿಳಿಯಬೇಕಾದರೆ ಪೇಟೆಂಟಿನ ನಿಯಮವನ್ನು ಅರಿತಿರಬೇಕು. ಒಬ್ಬರು ಹೊಸದನ್ನು ಕಂಡುಹಿಡಿದರೆ ಸರ್ಕಾರವು ಅದರ ಹಕ್ಕನ್ನು ಕೆಲವು ವರ್ಷಗಳವರೆಗೆ ಅವರಿಗೇ ಕೊಡುತ್ತದೆ. ಅಮೆರಿಕದಲ್ಲಿ ಆಗ ಆ ಅವಧಿ ಪೇಟೆಂಟು ಕೊಟ್ಟ ದಿನದಿಂದ 17 ವರ್ಷ. ಅದು ಮುಗಿದರೆ ಯಾರು ಬೇಕಾದರೂ ಅದನ್ನು ತಯಾರಿಸಬಹುದು, ಕಂಡುಹಿಡಿದವರಿಗೆ ಕಾಸು ಕೊಡಬೇಕಾಗಿಲ್ಲ. ಕಂಪನಿಗಳು ಒಪ್ಪಲಿ ಬಿಡಲಿ, ಈ ಗಡಿಯಾರ ನಿಲ್ಲುವುದಿಲ್ಲ. ಡೇವಿಸರ ಯಂತ್ರ ಒಳ್ಳೆಯದೆಂದು ಎಲ್ಲರೂ ಒಪ್ಪುತ್ತಿದ್ದರು. ಆದರೆ ಯಾರೂ ಕಾರಿನಲ್ಲಿ ಹಾಕುತ್ತಿರಲಿಲ್ಲ. ವರ್ಷಗಳು ಮಾತ್ರ ಒಂದೊಂದಾಗಿ ಜಾರುತ್ತಿದ್ದವು.

ಇಂತಹ ಹೊತ್ತಿನಲ್ಲಿ ಬಹುಮಂದಿ ಕೈಚೆಲ್ಲುತ್ತಾರೆ. ಡೇವಿಸರು ಕೈಚೆಲ್ಲಲಿಲ್ಲ. 1936ರಲ್ಲಿ ಬೆಂಡಿಕ್ಸ್ ಎಂಬ ಇನ್ನೊಂದು ಕಂಪನಿಯೊಡನೆ ಕರಾರು ಮಾಡಿಕೊಂಡರು. 1939ರ ಹೊತ್ತಿಗೆ ತಯಾರಾದದ್ದು ಬರೀ ಹತ್ತು ಯಂತ್ರಗಳು. ಅದರಲ್ಲಿ ಎರಡನ್ನು ಬ್ಯೂಕ್ ಕಾರುಗಳಲ್ಲಿ ಪರೀಕ್ಷಿಸಲೆಂದು ಕೊಂಡವರು ಹಿಂದೆ ಕೈಬಿಟ್ಟಿದ್ದ ಜನರಲ್ ಮೋಟಾರ್ಸಿನವರೇ. ಹುದ್ದೆಯನ್ನು ಬಿಟ್ಟು ಬಂದು ಹದಿನೇಳು ವರ್ಷಗಳಾದ ಮೇಲೆ ಕೈಗೆ ಬಂದ ಫಲ ಇಷ್ಟು!

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. ಹೊಸ ಸವಾರಿ ಕಾರುಗಳ ಮಾತೇ ನಿಂತಿತು. ಆದರೆ ಕಾರಿನ ಬಾಗಿಲು ಮುಚ್ಚಿದ ಯುದ್ಧವೇ ಇನ್ನೊಂದು ಬಾಗಿಲನ್ನು ತೆರೆಯಿತು. ಉಕ್ಕಿನ ಕವಚ ತೊಟ್ಟ ಸೇನಾ ವಾಹನಗಳನ್ನು ಬರೀ ತೋಳಿನ ಬಲದಿಂದ ತಿರುಗಿಸುವುದು ಬಹಳ ಪ್ರಯಾಸದ ಕೆಲಸ. ಷೆವರ್ಲೆ ವಿಭಾಗದವರು ತಯಾರಿಸಿ ಬ್ರಿಟಿಷ್ ಸೈನ್ಯಕ್ಕೆ ಒದಗಿಸಿದ ಸ್ಟ್ಯಾಗ್‌ಹೌಂಡ್ ಎಂಬ ಕವಚಿತ ವಾಹನದ ತೂಕವೇ ಸುಮಾರು 14 ಟನ್. ಅದರಲ್ಲಿ ಪವರ್ ಸ್ಟಿಯರಿಂಗ್ ಇತ್ತು. ಯುದ್ಧ ಮುಗಿಯುವ ವೇಳೆಗೆ ಹತ್ತು ಸಾವಿರಕ್ಕೂ ಹೆಚ್ಚು ವಾಹನಗಳಲ್ಲಿ ಬೆಂಡಿಕ್ಸ್ ಮತ್ತು ಡೇವಿಸರ ಏರ್ಪಾಡು ಕೆಲಸ ಮಾಡಿತ್ತು. ಮರಳು, ಕೆಸರು, ಗುಡ್ಡಗಾಡುಗಳಲ್ಲಿ ಅದು ಪಾಸಾಯಿತು. ಇನ್ನು ಅದರ ಗಟ್ಟಿತನವನ್ನು ಪ್ರಶ್ನಿಸುವವರಿರಲಿಲ್ಲ.

ಯುದ್ಧ ಮುಗಿದ ಮೇಲೆ ಅಮೆರಿಕದ ಕಾರುಗಳು ಇನ್ನೂ ಉದ್ದವಾದವು, ಭಾರವಾದವು, ಟೈರುಗಳು ಅಗಲವಾದವು. ಮನೆಯ ಕಾರನ್ನು ಓಡಿಸುವ ಹೆಂಗಸರ ಸಂಖ್ಯೆಯೂ ಹೆಚ್ಚಿತು. 1951ರಲ್ಲಿ ಕ್ರೈಸ್ಲರ್ ಕಂಪನಿಯು ತನ್ನ ಇಂಪೀರಿಯಲ್ ಕಾರಿನಲ್ಲಿ ಹೈಡ್ರಾಗೈಡ್ ಎಂಬ ಹೆಸರಿನ ಪವರ್ ಸ್ಟಿಯರಿಂಗನ್ನು ಮಾರುಕಟ್ಟೆಗೆ ತಂದಿತು. ಜನಸಾಮಾನ್ಯರು ಅಂಗಡಿಯಲ್ಲಿ ಕೊಳ್ಳಬಹುದಾದ ಕಾರಿನಲ್ಲಿ ಈ ಸೌಕರ್ಯ ಬಂದದ್ದು ಅದೇ ಮೊದಲು. ಅದು ನಿಂತಿದ್ದು ಡೇವಿಸರ ಆಲೋಚನೆಗಳ ಮೇಲೆಯೇ. ಆದರೆ ಅಷ್ಟರಲ್ಲಿ ಅವರ ಕೆಲವು ಪೇಟೆಂಟುಗಳ ಅವಧಿ ಮುಗಿದುಹೋಗಿತ್ತು. ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು.

ಆದರೂ ಫಲ ಪೂರ್ತಿಯಾಗಿ ಕೈತಪ್ಪಲಿಲ್ಲ. ಪ್ರತಿಸ್ಪರ್ಧಿ ಮುಂದೆ ಹೋದುದನ್ನು ಕಂಡ ಜನರಲ್ ಮೋಟಾರ್ಸ್ ಕಂಪನಿಯು ಅದೇ 1951ರಲ್ಲಿ ಡೇವಿಸರ ಮನೆಯ ಬಾಗಿಲನ್ನು ಮತ್ತೆ ತಟ್ಟಿತು. ಉಳಿದಿದ್ದ ಹಕ್ಕುಗಳಿಗಾಗಿ ಹೊಸ ಕರಾರಾಯಿತು. 1952ರ ಕ್ಯಾಡಿಲಾಕ್ ಕಾರುಗಳಲ್ಲಿ ಪವರ್ ಸ್ಟಿಯರಿಂಗ್ ಬಂದಿತು. 1933ರಲ್ಲಿ ಬರಬೇಕಾಗಿದ್ದುದು ಹತ್ತೊಂಬತ್ತು ವರ್ಷ ತಡವಾಗಿ, ಅದೇ ಹೆಸರಿನ ಕಾರಿನಲ್ಲಿಯೇ ಬಂದಿತು! ಆಗ ಡೇವಿಸರಿಗೆ ಅರವತ್ತು ದಾಟಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಕಾರುಗಳಲ್ಲಿ ಅದು ಸಾಮಾನ್ಯವಾಯಿತು. ತಮ್ಮ ಕನಸು ಬೀದಿಬೀದಿಯಲ್ಲಿ ಓಡಾಡುವುದನ್ನು ಕಣ್ಣಾರೆ ನೋಡುವ ಭಾಗ್ಯ ಅವರದಾಯಿತು. ಎಲ್ಲ ಸಂಶೋಧಕರಿಗೂ ಈ ಭಾಗ್ಯವಿರುವುದಿಲ್ಲ. 1978ರ ಏಪ್ರಿಲ್ 16ರಂದು, ತೊಂಬತ್ತರ ತುಂಬು ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅವರು ಹೋದ ಮೇಲೆಯೂ ಕೆಲಸ ನಿಲ್ಲಲಿಲ್ಲ. 1950ರ ದಶಕದ ಕೆಲವು ದೊಡ್ಡ ಕಾರುಗಳಲ್ಲಿ ಸ್ಟಿಯರಿಂಗು ಅತಿ ಹಗುರವಾಗಿ, ಚಕ್ರಗಳು ನೆಲದ ಮೇಲಿವೆಯೋ ಇಲ್ಲವೋ ಎಂಬುದೇ ಕೈಗೆ ತಿಳಿಯದೆಂಬ ದೂರಿತ್ತು. ಸಹಾಯ ಬೇಕು, ಆದರೆ ದಾರಿಯ ಅರಿವು ಕೈಗೆ ಬರುತ್ತಲೇ ಇರಬೇಕು. ಈ ಎರಡನ್ನೂ ಹೊಂದಿಸುವುದೇ ಮುಂದಿನ ಇಂಜಿನಿಯರರ ಕೆಲಸವಾಯಿತು. 1988ರಲ್ಲಿ ಜಪಾನಿನ ಸುಜುಕಿ ಸೆರ್ವೊ ಎಂಬ ಪುಟ್ಟ ಕಾರಿನಲ್ಲಿ ಎಣ್ಣೆಯೇ ಇಲ್ಲದೆ ವಿದ್ಯುತ್ ಮೋಟಾರಿನಿಂದ ನಡೆಯುವ ಪವರ್ ಸ್ಟಿಯರಿಂಗ್ ಬಂದಿತು. ಇಂದಿನ ಬಹುಪಾಲು ಹೊಸ ಕಾರುಗಳಲ್ಲಿರುವುದು ಇದೇ. 1903ರ ಲಾರಿಯಲ್ಲಿದ್ದ ಮೋಟಾರಿನ ಆಲೋಚನೆ ಹೊಸ ರೂಪದಲ್ಲಿ ಮರಳಿತೆನ್ನಬಹುದು. ಆದರೆ ಚಾಲಕನ ಕೈಯ ಸಣ್ಣ ಎಳೆತವನ್ನು ಅರಿತು, ಬೇಕಾದಾಗ ಮಾತ್ರ, ಬೇಕಾದಷ್ಟು ಮಾತ್ರ ಬಲ ಕೊಡುವ ನೀತಿ ಡೇವಿಸರು ಎಣ್ಣೆಯಲ್ಲಿ ಸಾಧಿಸಿದ್ದೇ.

ನಮ್ಮ ಓದುಗರ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಹಳೆಯ ಅಂಬಾಸಿಡರ್ ಇಲ್ಲವೇ ಪ್ರೀಮಿಯರ್ ಪದ್ಮಿನಿ ಇನ್ನೂ ಇರಬಹುದು. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿಯದು ಅದಕ್ಕೂ ಮೊದಲೇ ನಿಂತಿತ್ತು. ತಾತನ ಕಾಲದ ಕಾರನ್ನು ಮಾರಲು ಮನಸ್ಸಿಲ್ಲದೆ, ಓಡಿಸಲು ತೋಳಿಲ್ಲದೆ, ಪವರ್ ಸ್ಟಿಯರಿಂಗ್ ಹಾಕಿಸುವವರುಂಟು. ಅಂತಹವರಿಗೆ ಡೇವಿಸರ ಕೆಲಸದಿಂದ ದೊರೆಯುವ ಕೆಲವು ತಿಳಿವಳಿಕೆಯ ಮಾತುಗಳನ್ನು ಹೇಳಬಹುದು. ಮೊದಲು ಸ್ಟಿಯರಿಂಗು ಭಾರವಾಗಿರುವುದಕ್ಕೆ ಕಾರಣವನ್ನು ಹುಡುಕಬೇಕು. ಟೈರಿನಲ್ಲಿ ಗಾಳಿ ಕಡಮೆಯಿದ್ದರೆ, ಗ್ರೀಸು ಒಣಗಿದ್ದರೆ, ಕೀಲುಗಳು ಬಿಗಿದಿದ್ದರೆ, ಚಕ್ರಗಳ ಓರೆ ತಪ್ಪಿದ್ದರೆ ಅವನ್ನು ಸರಿಪಡಿಸಿದೊಡನೆ ಅರ್ಧ ಭಾರ ಇಳಿಯುತ್ತದೆ. ಸವೆದ ಕೀಲಿನ ಮೇಲೆ ಪವರ್ ಸ್ಟಿಯರಿಂಗ್ ಕೂರಿಸಿದರೆ ದೋಷ ಹೋಗುವುದಿಲ್ಲ, ಮುಚ್ಚಿಹೋಗುತ್ತದೆ. ಮುಚ್ಚಿಹೋದ ದೋಷವೇ ಹೆಚ್ಚು ಅಪಾಯಕರ.

ಅನಂತರ ಎರಡು ದಾರಿಗಳಿವೆ. ಎಣ್ಣೆಯ ಏರ್ಪಾಡಾದರೆ ಇಂಜಿನ್ನಿಗೆ ಪಂಪನ್ನು ಗಟ್ಟಿಯಾದ ಹಿಡಿಯೊಂದಿಗೆ ಬಿಗಿದು, ಬೆಲ್ಟು ನೇರವಾಗಿ ಓಡುವಂತೆ ನೋಡಿಕೊಂಡು, ಕೊಳವೆಗಳು ಬಿಸಿ ಭಾಗಗಳಿಗೆ ತಾಗದಂತೆ ಎಳೆಯಬೇಕು. ವಿದ್ಯುತ್ತಿನದಾದರೆ ಸ್ಟಿಯರಿಂಗ್ ಕಂಬಕ್ಕೇ ಮೋಟಾರು ಸೇರುತ್ತದೆ. ಹೊರಗಿನಿಂದ ಕಾರಿನ ಅಂದ ಕೆಡುವುದಿಲ್ಲ. ಆದರೆ ಆ ಮೋಟಾರು ಒಮ್ಮೆಲೇ ಬಹಳ ವಿದ್ಯುತ್ತನ್ನು ಎಳೆಯುತ್ತದೆ. ಹಳೆಯ ಕಾಲದ ಡೈನಮೊ ಅದಕ್ಕೆ ಸಾಲದು. ಒಳ್ಳೆಯ ಆಲ್ಟರ್ನೇಟರೂ ಬ್ಯಾಟರಿಯೂ ಬೇಕು. ಕೆಲವು ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ಧ್ರುವವನ್ನು ಕಾರಿನ ಮೈಗೆ ಜೋಡಿಸಿರುತ್ತಾರೆ. ಹೊಸ ಯಂತ್ರಗಳಿಗೆ ಅದು ತಿರುವುಮುರುವು. ಕಂಬವನ್ನು ಕತ್ತರಿಸಿ ಬೆಸೆಯುವ ಕೆಲಸವನ್ನಂತೂ ಸಿಕ್ಕವರ ಕೈಗೆ ಕೊಡಬಾರದು. ಒಂದು ಕೆಟ್ಟ ಬೆಸುಗೆಯಲ್ಲಿ ಒಂದು ಕುಟುಂಬದ ಪ್ರಾಣ ನೇತಾಡುತ್ತದೆ. ವಾಹನದ ರಚನೆಯನ್ನು ಬದಲಿಸುವ ಮುನ್ನ ನೋಂದಣಿ ಕಚೇರಿಯಲ್ಲಿ ವಿಚಾರಿಸಿ ಒಪ್ಪಿಗೆ ಪಡೆಯುವುದೂ ಅವಶ್ಯ.

ವಿದ್ಯಾರ್ಥಿ ಮಿತ್ರರೇ, ಒಂದು ಯಂತ್ರದ ಕಥೆಯನ್ನು ಇಷ್ಟು ದೀರ್ಘವಾಗಿ ಹೇಳಿದ್ದಕ್ಕೆ ಕಾರಣವಿದೆ. ಹತ್ತನೆಯ ತರಗತಿಯಲ್ಲಿ ಒಂದು ವಿಷಯ ಹೋಯಿತೆಂದು ಓದನ್ನೇ ಬಿಡುವ ಮಕ್ಕಳನ್ನು ನಾವು ವರ್ಷ ವರ್ಷವೂ ನೋಡುತ್ತಿದ್ದೇವೆ. ಮರುವರ್ಷ ಬರೆದರಾಯಿತೆಂದರೆ ಅವರಿಗೂ ಮನೆಯವರಿಗೂ ನಾಚಿಕೆ. ಡೇವಿಸರ ಯಂತ್ರ 1926ರಲ್ಲಿಯೇ ಸರಿಯಾಗಿ ಕೆಲಸ ಮಾಡುತ್ತಿತ್ತು. ಲೋಕ ಅದನ್ನು ಒಪ್ಪಿಕೊಂಡು ಕೊಂಡದ್ದು 1951ರಲ್ಲಿ. ನಡುವಿನ ಇಪ್ಪತ್ತೈದು ವರ್ಷಗಳಲ್ಲಿ ಅವರ ಯಂತ್ರದಲ್ಲಿ ಕೊರತೆಯಿರಲಿಲ್ಲ, ಕಾಲದಲ್ಲಿ ಕೊರತೆಯಿತ್ತು. ಒಂದು ವರ್ಷದ ಸೋಲನ್ನು ತಮ್ಮ ಬುದ್ಧಿಯ ಮೇಲಿನ ತೀರ್ಪೆಂದು ತಿಳಿಯುವ ಮಕ್ಕಳು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ. ತಾಳಿದವನು ಬಾಳಿಯಾನೆಂಬ ಗಾದೆಯನ್ನು ನಾವು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇವೆ. ಡೇವಿಸರು ಅದನ್ನು ಬದುಕಿ ತೋರಿಸಿದರು.

ತಂದೆತಾಯಿಗಳಿಗೂ ಒಂದು ಮಾತು. ಪವರ್ ಸ್ಟಿಯರಿಂಗು ಚಾಲಕನ ತೋಳಿಗೆ ಬಲ ಕೊಡುತ್ತದೆ. ಎತ್ತ ಹೋಗಬೇಕೆಂಬುದನ್ನು ಅದು ತೀರ್ಮಾನಿಸುವುದಿಲ್ಲ. ಚಾಲಕನು ಎಡಕ್ಕೆಳೆದರೆ ಎಡಕ್ಕೆ, ಬಲಕ್ಕೆಳೆದರೆ ಬಲಕ್ಕೆ, ಅವನು ಸುಮ್ಮನಿದ್ದರೆ ತಾನೂ ಸುಮ್ಮನೆ. ಮಕ್ಕಳ ಓದಿನ ವಿಷಯದಲ್ಲಿ ಹೆತ್ತವರ ನೆರವೂ ಗುರುಗಳ ನೆರವೂ ಹೀಗಿದ್ದರೆ ಎಷ್ಟು ಚೆನ್ನ. ಯಾವ ಭಾಷೆಯಲ್ಲಿ ಓದಬೇಕು, ಯಾವ ಕಸುಬು ಹಿಡಿಯಬೇಕು ಎಂಬ ತಿರುವುಗಳಲ್ಲಿ ಮಗುವಿನ ಕೈಯಿಂದ ಚಕ್ರವನ್ನು ಕಿತ್ತುಕೊಳ್ಳುವುದು ಸುಲಭ. ಅದರ ಕೈ ಸೋತಲ್ಲಿ ಮಾತ್ರ ಬಲವಾಗಿ ನಿಲ್ಲುವುದು ಕಷ್ಟ. ನಮ್ಮ ಘಟ್ಟದ ದಾರಿಗಿಂತ ಹೆಚ್ಚು ತಿರುವುಗಳು ಮಕ್ಕಳ ಮುಂದಿವೆ. ಆ ತಿರುವುಗಳಲ್ಲಿ ಚಕ್ರ ಅವರ ಕೈಯಲ್ಲಿಯೇ ಇರಲಿ, ಬಲ ನಮ್ಮದಿರಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.